ಮಲಗಿದ ತೆನೆ

ರಾಮದುರ್ಗದ ಆ ಮಗ್ಗದ ಮನೆಯಲ್ಲಿ ನನ್ನ ಪ್ರೋಗ್ರಾಮಿನ ತಪ್ಪನ್ನು ಹಿಡಿದವರು ಕಂಪ್ಯೂಟರ್ ಮುಟ್ಟಿದವರಲ್ಲ. ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಿದ್ದ ಹೆಂಗಸು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೈಲಹೊಂಗಲದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತ, ಜೊತೆಗೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಮಗ್ಗದ ಮಾಲೀಕ ಕರೆಸಿದಾಗಲೆಲ್ಲ ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋಗುತ್ತಿದ್ದೆ.

ಸೀರೆಯ ದಡಿಯಲ್ಲಿ ಚಿತ್ರ ಮೂಡಿಸಲು ಆ ಮಗ್ಗದ ಮೇಲೆ ಮುನ್ನೂರ ಎಂಬತ್ತನಾಲ್ಕು ಕೊಕ್ಕೆಗಳು. ಒಂದೊಂದು ಕೊಕ್ಕೆಗೆ ಒಂದೊಂದು ಎಳೆ. ಯಾವ ಸಾಲಿಗೆ ಯಾವ ಕೊಕ್ಕೆ ಏಳಬೇಕೆಂದು ತೂತಿನ ಪಟ್ಟಿಗಳು ಹೇಳುತ್ತಿದ್ದವು. ಪಟ್ಟಿಯ ಬದಲು ಕಂಪ್ಯೂಟರಿನಿಂದ ನಡೆಯುವ ಡಬ್ಬಿಯೊಂದನ್ನು ಮಾಲೀಕ ಪರೀಕ್ಷೆಗೆ ತರಿಸಿದ್ದ. ಕಂಪ್ಯೂಟರಿನೊಳಗೆ ಕೂತು ಡಬ್ಬಿಯನ್ನು ನಡೆಸುವ ಕರ್ನಲ್ ಡ್ರೈವರನ್ನು ಡಬ್ಬಿ ಮಾರುವವರೇ ಕೊಟ್ಟಿದ್ದರು. ಚಿತ್ರವನ್ನು ಡ್ರೈವರಿಗೆ ಒಪ್ಪಿಸುವ ಪ್ರೋಗ್ರಾಮು ನನ್ನದು.

ಪಟ್ಟಿಗೆ ತೂತು ಹೊಡೆಯುವಾಕೆ ಚೌಕಳಿ ಹಾಳೆಯ ಮೇಲೆ, ಚೌಕಕ್ಕೊಂದು ಎಳೆಯಂತೆ, ತಾವೇ ಬರೆದ ದಡಿಯೊಂದಿತ್ತು: ಜೋಳದ ತೆನೆಗಳ ಸಾಲು. ಅದಕ್ಕೆ ಪಟ್ಟಿಗಳು ವಿಪರೀತ ಬೇಕಾಗುತ್ತಿದ್ದುದರಿಂದ ಯಾರೂ ನೇಯಲು ಒಪ್ಪಿರಲಿಲ್ಲ. ಡಬ್ಬಿಗೆ ಪಟ್ಟಿಯ ಹಂಗಿಲ್ಲವೆಂದು ಪರೀಕ್ಷೆಗೆ ಅದನ್ನೇ ಹಾಕಿದೆವು. ಮಗ್ಗ ಓಡಿತು. ತೆನೆಗಳು ಒಂದೇ ಕಡೆಗೆ ವಾಲಿ ಮಲಗಿದ್ದವು.

"ಅಕ್ಕಾರ, ನಿಮ್ಮ ಜ್ವಾಳ ಗಾಳಿಗಿ ಬಿದ್ದೈತಿ ನೋಡ್ರಿ," ಎಂದು ಮಾಲೀಕ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ಸಂಜಿ ತನಕ ನೋಡ್ತೇನ್ರಿ ಸರ. ಆಗಲಿಲ್ಲಂದ್ರ ನಾಳೆ ಮುಂಜಾನಿ ಬಸ್ಸಿಗೆ ಡಬ್ಬಿ ವಾಪಸ್."

"ಡ್ರೈವರ್ ಸರಿ ಇಲ್ರಿ," ಎಂದೆ. ಮಾರಿದವರಿಗೆ ದೂರಿನ ಪತ್ರವನ್ನೂ ಬರೆಯತೊಡಗಿದೆ. ಎರಡೂ ಕಡೆ ವಿಚಾರಿಸದೆ ಪತ್ರಿಕೆಗೆ ಒಂದು ಸಾಲೂ ಕಳಿಸದ ನಾನು, ನನ್ನ ಪ್ರೋಗ್ರಾಮನ್ನು ಏನೂ ಕೇಳಿರಲಿಲ್ಲ.

ಆಕೆ ಮಗ್ಗದ ಮೇಲಿನ ಬಟ್ಟೆಗೆ ಬಗ್ಗಿ, ಸೂಜಿಯ ತುದಿಯಿಂದ ಎಳೆ ಎಣಿಸುತ್ತಿದ್ದರು.

"ಸರ, ಮೊದಲ್ನೇ ಸಾಲು ಇಪ್ಪತ್ನಾಕ ಎಳಿ ಸರದೈತಿ. ಎರಡನೇದು ನಲವತ್ತೆಂಟು. ಮೂರನೇದು ಎಪ್ಪತ್ತೆರಡು. ಡಬ್ಬಿ ಕೆಟ್ಟಿದ್ರ ಹಿಂಗ ಲೆಕ್ಕಾ ಹಿಡದು ಕೆಡತೈತೇನ್ರಿ? ನೀವ ಎಲ್ಲೋ ನಡುವ ಖಾಲಿ ಬಿಟ್ಟೀರಿ."

"ಇಲ್ರಿ, ನಾ ಏನೂ ಬಿಟ್ಟಿಲ್ಲ."

"ಖಾಲಿ ಬಿಡೂದು ತಪ್ಪಲ್ರಿ. ನಾವೂ ಕೊಕ್ಕಿ ಖಾಲಿ ಬಿಡತೇವಿ. ಬಿಟ್ಟಲ್ಲೆ ಕೆಂಪ ದಾರ ಕಟ್ಟತೇವಿ. ಮುಂದ ಮಗ್ಗಕ್ಕ ಕುಂದ್ರಾವಗ ಗೊತ್ತಾಗಬೇಕಲ್ಲ."

ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಬೈಟಿಗೆ ಎಂಟು ಬಿಟ್, ಒಂದೊಂದು ಬಿಟ್ಟಿಗೆ ಒಂದೊಂದು ಕೊಕ್ಕೆ. ಇಪ್ಪತ್ತನಾಲ್ಕೆಂದರೆ ಮೂರು ಬೈಟು. ಪತ್ರ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ.

ಒಂದು ಸಾಲಿನ ಮಾಹಿತಿಯಲ್ಲಿ ಮೊದಲು ಸಾಲು ಶುರುವೆಂಬ ಒಂದು ಬೈಟಿನ ಗುರುತು, ಆಮೇಲೆ ಸಾಲಿನ ಸಂಖ್ಯೆಗೆ ನಾಲ್ಕು ಬೈಟು, ಕೊನೆಗೆ ಕೊಕ್ಕೆಗಳ ನಲವತ್ತೆಂಟು ಬೈಟು. ಒಟ್ಟು ಐವತ್ತಮೂರು. ಪ್ರೋಗ್ರಾಮಿಗೇ ಅದರ ಅಳತೆ ಕೇಳಿದರೆ ಐವತ್ತಾರು ಎಂದಿತು. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ಜಾಗದಲ್ಲೇ ಶುರುವಾಗಲೆಂದು, ನಾನು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಗುರುತಿನ ಬೆನ್ನಿಗೆ ಮೂರು ಖಾಲಿ ಬೈಟು ತುಂಬಿತ್ತು. ಇದಕ್ಕೆ ಪ್ಯಾಡಿಂಗ್ ಎನ್ನುತ್ತಾರೆ; ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಡ್ರೈವರ್ ಬರೆದವರು ಖಾಲಿ ಬೇಡವೆಂದು ಒತ್ತಾಗಿ ಜೋಡಿಸಿದ್ದರು. ನಾನು ಐವತ್ತಾರರಂತೆ ಕೊಡುತ್ತಿದ್ದೆ, ಅದು ಐವತ್ತಮೂರರಂತೆ ಎಣಿಸಿಕೊಳ್ಳುತ್ತಿತ್ತು. ಪ್ರತಿ ಸಾಲಿಗೂ ಮೂರು ಬೈಟಿನ ವ್ಯತ್ಯಾಸ ಕೂಡುತ್ತ ಹೋಗಿತ್ತು.

ಡ್ರೈವರನ್ನು ತಿದ್ದುವ ಅಧಿಕಾರ ನನಗಿರಲಿಲ್ಲ, ಅಗತ್ಯವೂ ಇರಲಿಲ್ಲ. ಕಂಪೈಲರಿನ ಜೋಡಣೆ ನಂಬದೆ, ಒಂದೊಂದೇ ಬೈಟನ್ನು ಅದರ ಜಾಗಕ್ಕೆ ನಾನೇ ತುಂಬಿದೆ. ಅಳತೆ ಐವತ್ತಮೂರು ಆಗದಿದ್ದರೆ ಪ್ರೋಗ್ರಾಮು ನಿಲ್ಲಬೇಕೆಂದೂ ಬರೆದೆ. ಅದೇ ನಾನು ಕಟ್ಟಿದ ಕೆಂಪು ದಾರ.

ಸಂಜೆ ನಾಲ್ಕರ ಸುಮಾರಿಗೆ ಮಗ್ಗ ಮತ್ತೆ ಓಡಿತು. ಒಂದು ಗೇಣು ನೇಯ್ದ ಮೇಲೆ ಬಗ್ಗಿ ನೋಡಿದೆವು. ತೆನೆಗಳು ನೆಟ್ಟಗೆ ನಿಂತಿದ್ದವು.

"ಡಬ್ಬಿ ಇರ್ಲಿ ಬಿಡ್ರಿ," ಎಂದು ಮಾಲೀಕ ಚಹಾ ತರಿಸಲು ಎದ್ದ. ನಾನು ಅರ್ಧ ಬರೆದ ಪತ್ರವನ್ನು ಹರಿದೆ.

ಆಕೆ ಚಹಾ ಮುಟ್ಟಲಿಲ್ಲ. ದಡಿಯ ಹಿಂಬದಿ ತಿರುಗಿಸಿ, ಸೂಜಿ ಹಿಡಿದು ಮತ್ತೆ ಎಣಿಸಿದರು.

"ತೆನಿ ತುದೀಗಿ ಎರಡ ಎಳಿ ದಪ್ಪ ಬಂದೈತ್ರಿ," ಎಂದರು. "ಇದು ಡಬ್ಬಿದೂ ಅಲ್ಲ, ನಿಮ್ಮದೂ ಅಲ್ಲ. ನಾ ಬರದ ಚಿತ್ರದಾಗ ತಪ್ಪೈತಿ. ಚೌಕಳಿ ಹಾಳಿ ಕೊಡ್ರಿ, ತಿದ್ದತೇನಿ."