ಕೊಳವೆಯಲ್ಲಿ ಕುಣಿದ ಸಾಸಿವೆ

ಮಂಗಳೂರಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಅಟೆಂಡರ್ ಪಡೀಲಿನಿಂದ ಬರುತ್ತಿದ್ದರು. ಬಿಸಿಗಾಳಿ ಊದುವ ಯಂತ್ರ ಕೈಕೊಟ್ಟಾಗಲೆಲ್ಲ ಅದರ ಗಾಜಿನ ಕೊಳವೆಗೆ ಕಿವಿಯಿಟ್ಟು, ಉಗುರಿನಿಂದ ತಟ್ಟಿ, "ಗಾಳಿಗೆ ದಾರಿ ಬಿಡಿ ಮಾರಾಯ್ರೆ, ಬಿಸಿ ತಾನೇ ಹೋಗ್ತದೆ" ಎನ್ನುತ್ತಿದ್ದರು.

ನನ್ನ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಜೋರು ಮಳೆ. ಕೆಳಗಿನಿಂದ ಬಿಸಿಗಾಳಿ ಊದಿದರೆ ಕೊಳವೆಯೊಳಗಿನ ಮರಳು ನೀರಿನಂತೆ ಕುದಿಯಬೇಕು. ತೇವಕ್ಕೆ ಹೆಪ್ಪುಗಟ್ಟಿದ್ದ ಅದು ಮಿಸುಕಲೇ ಇಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಟೆಂಡರ್ ಮರಳನ್ನು ಹೊರಗೆ ಸುರಿದುಬಿಟ್ಟು, ಕ್ಯಾಂಟೀನಿಗೆ ಓಡಿ, ಒಂದು ಡಬ್ಬ ಸಾಸಿವೆ ತಂದು ತುಂಬಿಸಿದರು. ಗಾಳಿ ಬಿಟ್ಟೊಡನೆ ಕಾಳುಗಳೆಲ್ಲ ಎದ್ದು ಕುಣಿದವು. ಸ್ವಲ್ಪ ಹೊತ್ತಿನಲ್ಲೇ ಲ್ಯಾಬ್ ತುಂಬ ಹುರಿದ ಸಾಸಿವೆಯ ಘಮ.

"ಎಲ್ಲ ಕಾಳಿಗೂ ಸಮನಾಗಿ ಬಿಸಿ ತಾಗಿದೆ ಅಂತ ಹೇಗೆ ಹೇಳ್ತೀರಿ?" ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕಿ ನನ್ನನ್ನು ಕೇಳಿದರು. ನಾನು ಸೂತ್ರಕ್ಕಾಗಿ ತಡಕಾಡುತ್ತಿರುವಾಗ ಅಟೆಂಡರ್ ಆಕೆಯ ಅಂಗೈಗೆ ನಾಲ್ಕು ಕಾಳು ಹಾಕಿದರು.

"ಜಗಿದು ನೋಡಿ ಮೇಡಂ. ಒಂದಾದ್ರೂ ಹಸಿ ಉಂಟಾ?"

ಆಕೆ ಜಗಿದರು. ಇನ್ನೂ ನಾಲ್ಕು ಕೇಳಿದರು. ನಾನು ಪಾಸಾದೆ. ಸಂಜೆ ಪರೀಕ್ಷಕಿ ಹೊರಟಾಗ ಅವರ ಬ್ಯಾಗಿನಲ್ಲಿ, ನಮ್ಮ ಉತ್ತರಪತ್ರಿಕೆಗಳ ಮೇಲೆ, ಉಪ್ಪಿನಕಾಯಿಗೆಂದು ಕಟ್ಟಿಸಿಕೊಂಡ ಸಾಸಿವೆಯ ಪೊಟ್ಟಣ ಬೆಚ್ಚಗೆ ಕೂತಿತ್ತು.