ವರ್ಷಕ್ಕೊಂದು ಫ್ರಾಕು

ದೋಹಾದ ಆರ್ಟ್ ಫೇರಿನ ಸೆಕ್ಯುರಿಟಿ ಗೇಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸುತ್ತಿದ್ದಾಗ ಊರಿನಿಂದ ನಾದಿನಿಯ ಫೋನು ಬಂತು.

"ಅತ್ತಿಗೆ, ಹುಡುಗನ ಕಡೆಯವರಿಗೆ ಇವತ್ತು ಸಂಜೆಯೊಳಗೆ ಮಾತು ಕೊಡಬೇಕು. ಅವರಿಗೆ ಇನ್ನೊಂದು ಕಡೆ ಹೆಣ್ಣು ಉಂಟಂತೆ. ಆಮೇಲೆ ನನ್ನನ್ನು ಬೈಯಬೇಡಿ."

ಹುಡುಗ ಸತ್ತು ಮೂವತ್ತೆಂಟು ವರ್ಷ. ನನ್ನ ಮಗಳು ಸತ್ತು ನಲವತ್ತು.

ನಮ್ಮ ತುಳುನಾಡಿನ ಈ ಪದ್ಧತಿಯನ್ನು ಹೊರಗಿನವರಿಗೆ ಹೇಳುವಾಗ ನನ್ನ ನಾಲಿಗೆ ಇವತ್ತಿಗೂ ತಡವರಿಸುತ್ತದೆ. ಮದುವೆಯಾಗದೆ ಹೋದ ಮಕ್ಕಳು ಹೋದ ವಯಸ್ಸಿನಲ್ಲೇ ನಿಂತುಬಿಡುವುದಿಲ್ಲ, ನಮ್ಮ ಜೊತೆಗೇ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರ ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ತಾಯಿಯ ಕಡೆಯಿಂದ ಬರುವ ಕುಲ, ಅಂದರೆ ಬರಿ, ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಂಡು, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಒಂದು ಮಣೆಯ ಮೇಲೆ ಸೀರೆ, ರವಿಕೆ. ಇನ್ನೊಂದರ ಮೇಲೆ ಪಂಚೆ, ಶರ್ಟು. ಕರಿಮಣಿ, ಹೂವು, ಊಟ. ಆಮೇಲೆ ಹೆಣ್ಣು ಗಂಡನ ಮನೆಯವಳು. ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರಲ್ಲ, ಅವಳ ಎಲೆಯೂ ಇನ್ನು ಅಲ್ಲೇ.

ಇಪ್ಪತ್ತು ವರ್ಷದಿಂದ ನಾನು ಬೇಡ ಬೇಡ ಅನ್ನುತ್ತಲೇ ಬಂದವಳು. ಕಾನ್ವೆಂಟಿನಲ್ಲಿ ಓದಿದ್ದೇನೆ, ಇದೆಲ್ಲ ಸೂಪರ್‌ಸ್ಟಿಷನ್ ಎಂದು ಸಿಸ್ಟರುಗಳು ತಲೆಗೆ ತುಂಬಿದ್ದಾರೆ, ಅದಕ್ಕೆ ಅನ್ನುತ್ತಿದ್ದೆ. ಟು ಬಿ ಫ್ರಾಂಕ್, ಅದು ನೆಪ. ನಾಲ್ಕು ವರ್ಷ ಮಡಿಲಲ್ಲಿದ್ದು ಮೂರು ದಿನದ ಜ್ವರದಲ್ಲಿ ಹೋದವಳನ್ನು ಇನ್ನೊಮ್ಮೆ ಹೇಗೆ ಕಳಿಸಿಕೊಡುವುದು? ಸೂಪರ್‌ಸ್ಟಿಷನ್ ಅನ್ನುವ ನಾನೇ ಪ್ರತಿ ಆಟಿಯಲ್ಲಿ ಇಲ್ಲಿನ ಮದೀನತ್ ಖಲೀಫಾ ಬಡಾವಣೆಯ ನಮ್ಮ ಕಿಚನ್ನಿನಲ್ಲಿ, ಮಲಯಾಳಿ ಗ್ರೋಸರಿಯಿಂದ ತರಿಸಿದ ಬಾಳೆಲೆ ಹಾಸಿ, ಪತ್ರೊಡೆ, ಕೋಳಿ ಸಾರು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇನೆ. ಒಳಗೆ ತಿರುಗುತ್ತಿರುವ ಎಕ್ಸಾಸ್ಟ್ ಫ್ಯಾನು ಒಂದೆರಡು ನಿಮಿಷ ನಿಂತು, ಮತ್ತೆ ಶುರುವಾಗುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡಿದ್ದಾನೆ. ಫ್ಯಾನಿನಲ್ಲಿ ಯಾವ ದೋಷವೂ ಇಲ್ಲವಂತೆ.

"ನೀವು ಇರುವವರೆಗೆ ಸರಿ," ಎಂದಳು ನಾದಿನಿ. "ನಿಮ್ಮ ನಂತರ ಅವಳಿಗೆ ಎಲೆ ಹಾಕುವವರು ಯಾರು? ನಿಮ್ಮ ಸಣ್ಣವಳಾ? ಅವಳಿಗೆ ಗಂಜಿ ಬಸಿಯಲಿಕ್ಕೆ ಬರುತ್ತದಾ?"

ಸಣ್ಣವಳು ಪಕ್ಕದಲ್ಲೇ ಇದ್ದಳು. ಅಕ್ಕ ಹೋದ ಮರುವರ್ಷ ಹುಟ್ಟಿದವಳು, ದೋಹಾದಲ್ಲೇ ಬೆಳೆದವಳು. "ಮಮ್ಮಿ, ಯಲ್ಲಾ, ಬೇಗ, ಹಿಂದೆ ಕ್ಯೂ ಉಂಟು," ಎಂದು ನನ್ನ ಮೊಣಕೈ ಹಿಡಿದು ಒಳಗೆ ನಡೆಸಿದಳು. ಮತ್ತೆ ಮಾಡುತ್ತೇನೆ ಎಂದು ಫೋನು ಇಟ್ಟೆ.

ಒಳಗೆ ಗೋಡೆ ಕಂಡಲ್ಲೆಲ್ಲ ಚಿತ್ರ, ಗಾಳಿಯಲ್ಲಿ ಅರಬರ ಊದ್ ಧೂಪದ ಪರಿಮಳ. ಮಗಳಿಗೆ ಆಫೀಸಿನವರು ಸಿಕ್ಕಿದರು. "ನೀನು ಇಲ್ಲೇ ಸುತ್ತಾಡ್ತಾ ಇರು, ಟೆನ್ ಮಿನಿಟ್ಸ್," ಎಂದು ಹೋದಳು. ನಾನು ನಿಂತಿದ್ದು ಒಂದು ಕಪ್ಪು ಪರದೆಯ ಮುಂದೆ. ಪಕ್ಕದ ಬೋರ್ಡಿನಲ್ಲಿ ಜರ್ಮನಿಯ ಕಲಾವಿದೆಯ ಕೆಲಸ ಎಂದಿತ್ತು. ಅದರ ಕೆಳಗೆ ನಾಲ್ಕೇ ಸಾಲು: ನಾನು ಹುಟ್ಟುವ ಮೊದಲೇ ನನ್ನ ಅಕ್ಕ ತೀರಿಕೊಂಡಳು. ಅವಳ ಹುಟ್ಟುಹಬ್ಬಕ್ಕೆ ಅಮ್ಮ ವರ್ಷಕ್ಕೊಂದು ಫ್ರಾಕು ಹೊಲಿಯುತ್ತಾ ಹೋದಳು, ಆ ವರ್ಷದ ಅಳತೆಗೆ. ಅಮ್ಮನ ನಂತರ ನಾನು ಹೊಲಿಯುತ್ತಿದ್ದೇನೆ.

ಎರಡು ಸಲ ಓದಿದೆ. ನಮ್ಮ ಮನೆಯ ಒಳಕೋಣೆಯ ಮಾತು ಇಲ್ಲಿ ಗೋಡೆಗೆ ಹತ್ತಿದ್ದು ಹೇಗೆ?

ಪರದೆ ಸರಿಸಿದೆ. ಉದ್ದನೆಯ ಮಬ್ಬು ಕೋಣೆಯಲ್ಲಿ ಬಿಳೀ ಮಲ್‌ಮಲ್ಲಿನ ಫ್ರಾಕುಗಳು ಸಾಲಾಗಿ, ತೆಳ್ಳನೆಯ ನೂಲಿನಲ್ಲಿ ತೂಗುತ್ತಿದ್ದವು. ಮೊದಲನೆಯದು ಒಂದೂವರೆ ಗೇಣು. ಕೊನೆಯದು ಎಲ್ಲೋ ಕತ್ತಲಲ್ಲಿ. ಒಂದೊಂದರ ಅಂಚಿಗೂ ವಯಸ್ಸು ಬರೆದ ಸಣ್ಣ ಚೀಟಿ. ಒಳಗೆ ದೇಹವಿಲ್ಲ, ಕೆಳಗೆ ಕಾಲಿಲ್ಲ, ಆದರೆ ಕಾಲಿರಬೇಕಾದಷ್ಟು ಜಾಗ ಬಿಟ್ಟೇ ತೂಗುಹಾಕಿದ್ದರು.

ನಾಲ್ಕರ ಮುಂದೆ ನಿಂತೆ. ಇಲ್ಲಿಯವರೆಗೆ ನನಗೆ ಗೊತ್ತು. ಈ ಕುತ್ತಿಗೆಯ ಬಟನ್ ಹಾಕಿದ್ದೇನೆ, ಈ ಅಂಚಿನಿಂದ ಮಣ್ಣು ಕೊಡವಿದ್ದೇನೆ. ಐದು ನಾನು ನೋಡದ ವರ್ಷ. ಆರು, ಏಳು. ಒಂಬತ್ತಕ್ಕೆ ಬಂದಾಗ, ತೋಳು ಬಿಗಿಯಾಯಿತು ಎಂದು ಯಾರೋ ನನ್ನ ಹತ್ತಿರ ಹಟ ಮಾಡಿದಂತೆ. ಹದಿಮೂರರಲ್ಲಿ ಎದೆಗೆ ಎರಡು ಸಣ್ಣ ಮಡಿಕೆ ಹಿಡಿದಿದ್ದರು. ತಾಯಂದಿರು ಟೈಲರಿಗೆ ಪಿಸುಗುಟ್ಟಿ ಹೇಳುವ ಮಡಿಕೆ. ದೊಡ್ಡವಳಿಗಾಗಿ ನಾನು ಅದನ್ನು ಹೇಳುವ ದಿನ ಬರಲೇ ಇಲ್ಲ.

ಆಗ ಒಂದು ಗಮನಿಸಿದೆ. ಗಾಳಿ ಇರಲಿಲ್ಲ. ನಾನು ದಾಟಿ ಬಂದ ಫ್ರಾಕುಗಳು ನಿಶ್ಚಲ. ನನ್ನ ಮುಂದೆ, ಒಂದೇ ಹೆಜ್ಜೆ ಮುಂದೆ, ನಾನಿನ್ನೂ ತಲುಪದ ಫ್ರಾಕು ಮಾತ್ರ ಅಲುಗುತ್ತಿತ್ತು. ನಾನು ಅಲ್ಲಿಗೆ ಹೋದರೆ ಅದು ನಿಲ್ಲುತ್ತದೆ, ಅದರಾಚೆಯದು ಅಲುಗುತ್ತದೆ. ಯಾರೋ ಸಾಲಿನ ಹಿಂದಿನಿಂದ, ಬಟ್ಟೆ ಸವರಿಕೊಂಡು, ನನ್ನ ನಡಿಗೆಗೆ ಸರಿಯಾಗಿ ನಡೆಯುತ್ತಿದ್ದ ಹಾಗೆ. ಇಪ್ಪತ್ತು, ಮೂವತ್ತು, ನಲವತ್ತು. ನಾನು ಹಿಂದೆ ಬಗ್ಗಿ ನೋಡಲಿಲ್ಲ. ನೋಡಬಾರದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಲವತ್ತನಾಲ್ಕರಲ್ಲಿ ಅಲುಗಾಟ ನಿಂತಿತು. ಮುಂದಿನದು ಅಲುಗಲಿಲ್ಲ. ನಾಲ್ಕಕ್ಕೆ ನಲವತ್ತು ಸೇರಿಸಿದರೆ, ನನ್ನವಳು ಇಷ್ಟೇ ನಡೆದದ್ದು.

ಮೂಲೆಯ ಸ್ಟೂಲಿನಿಂದ ಬೂದು ಕೂದಲಿನ ಹೆಂಗಸೊಬ್ಬಳು ಎದ್ದು ನಿಂತಳು. ಕುತ್ತಿಗೆಯಲ್ಲಿ ಅಳತೆಯ ಟೇಪು. ಅವಳೇ ಕಲಾವಿದೆ. ಈಗ ಯೋಚಿಸಿದರೆ ನಗು ಬರುತ್ತದೆ, ಆದರೆ ಆ ಹೊತ್ತಿಗೆ ಆ ಸಾಲು ನನಗೆ ಕಲೆಯಾಗಿ ಕಾಣಲೇ ಇಲ್ಲ. ಹೋದ ಹೆಣ್ಣಿಗೆ ಇಷ್ಟು ಬಟ್ಟೆ ಸಿದ್ಧ ಮಾಡಿಟ್ಟ ಮನೆ ಎಂದಮೇಲೆ, ಊರಿನಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದೆ. ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ.

"ನಿಮ್ಮ ಅಕ್ಕನಿಗೆ ಹುಡುಗನನ್ನು ನೋಡಿದಿರಾ?"

"ಹುಡುಗ? ಯಾವ ಹುಡುಗ?"

"ಅವಳ ಹಾಗೆಯೇ ಹೋದವನು. ಇಷ್ಟು ವರ್ಷ ಯಾಕೆ ಮನೆಯಲ್ಲಿ ಇಟ್ಟುಕೊಂಡಿರಿ?"

ಕೇಳಿದ ಕೂಡಲೇ ಸಾರಿ, ಸಾರಿ ಎಂದೆ. ಅವಳು ನಗಲಿಲ್ಲ, ಸ್ಟೂಲನ್ನು ನನ್ನ ಕಡೆ ದೂಡಿ, ತಾನು ನೆಲದ ಮೇಲೆ ಕೂತಳು. "ಹೇಳಿ," ಎಂದಳು. ಮಣೆ, ಸೀರೆ, ಕರಿಮಣಿ ಎಲ್ಲ ಹೇಳಿದೆ. ಐವತ್ತು ವರ್ಷದ ಸಂಸಾರದಲ್ಲಿ ಇದನ್ನು ಒಬ್ಬರಿಗೂ ನಾಚಿಕೆಯಿಲ್ಲದೆ ಹೇಳಿರಲಿಲ್ಲ.

"ಮದುವೆಯಾದ ಮೇಲೆ?" ಎಂದು ಕೇಳಿದಳು.

"ಹೋಗುತ್ತಾರೆ."

"ತಿರುಗಿ ಬರುವುದಿಲ್ಲವೇ?"

"ನೆಂಟರ ಹಾಗೆ ಬಂದಾರು. ಇರುವುದಿಲ್ಲ. ಮನೆ ಖಾಲಿಯಾಗುತ್ತದೆ."

ಅವಳು ಸಾಲಿನ ಕಡೆ ತಿರುಗಿದಳು. ಆಮೇಲೆ ಬಲಗೈ ಎತ್ತಿ ತೋರಿಸಿದಳು. ಬೆರಳು ನಡುಗುತ್ತಿದ್ದವು. "ನನಗೆ ಮಕ್ಕಳಿಲ್ಲ. ಈ ವರ್ಷದ್ದನ್ನು ಹೇಗೋ ಮುಗಿಸಿದೆ. ಅಮ್ಮ ಸಾಯುವ ವಾರ ನನ್ನ ಕೈಗೆ ಕತ್ತರಿ ಕೊಟ್ಟು, ಅವಳನ್ನು ಬರಿಮೈಯಲ್ಲಿ ನಿಲ್ಲಿಸಬೇಡ ಎಂದಿದ್ದಳು. ನಾನು ಸತ್ತರೆ ಅವಳು ಏನು ಹಾಕಿಕೊಳ್ಳುತ್ತಾಳೆ?"

ಹಾಲು ತರಲು ಮರೆತೆ ಎನ್ನುವಷ್ಟು ಮಾಮೂಲಾಗಿ ಕೇಳಿದಳು. ಸಂಜೆ ಕರೆಂಟು ಹೋಗುತ್ತದಂತೆ ಎನ್ನುವಷ್ಟು.

ಪರದೆ ಸರಿಯಿತು. "ಮಮ್ಮೀ, ಇಲ್ಲಿದ್ದೀಯಾ? ಓ ಮೈ ಗಾಡ್, ಎಂಥ ಕ್ರೀಪಿ ಜಾಗ!"

ನೇರವಾಗಿ ಕೇಳಿದೆ. "ನಾನು ಹೋದ ಮೇಲೆ ನಿನ್ನ ಅಕ್ಕನಿಗೆ ಎಲೆ ಹಾಕ್ತೀಯಾ?"

"ಯಾವ ಎಲೆ?"

"ಆಟಿಯಲ್ಲಿ. ಕಿಚನ್ನಿನ ಬಾಗಿಲು ಹಾಕಿ ನಾನು ಹೊರಗೆ ಕೂರ್ತೇನಲ್ಲ."

"ಅದು ನಿನ್ನ ಪ್ರೇಯರ್ ಅಲ್ವಾ?" ಮಗಳು ನನ್ನ ತೋಳು ಹಿಡಿದಳು. "ಒಳಗೆ... ಅಕ್ಕ ಇರ್ತಾಳಾ? ಮಮ್ಮಿ, ನಾನು ಎಷ್ಟೋ ಸಲ ಮಧ್ಯದಲ್ಲಿ ಹಿಂಬಾಗಿಲಿನಿಂದ ನೀರಿಗೆ ಹೋಗಿದ್ದೇನೆ!"

ತಪ್ಪು ಅವಳದ್ದಲ್ಲ. ಸಿಸ್ಟರುಗಳಿಗೆ ಹೆದರಿ ಅವಳಿಗೆ ಏನೂ ಹೇಳಿಕೊಡದವಳು ನಾನು. ಇವಳಿಗೆ ಕತ್ತರಿ ಕೊಟ್ಟು ಹೋಗಲು ನನಗೆ ಮನಸ್ಸಿಲ್ಲ. ಕೊಡದೆ ಹೋದರೆ ಆ ಇನ್ನೊಬ್ಬಳು ಪ್ರತಿ ಆಟಿಯಲ್ಲಿ ನಾವು ಬಿಟ್ಟ ವಿಲ್ಲಾದ ಕಿಚನ್ನಿಗೆ ಬಂದು, ಖಾಲಿ ನೆಲದ ಮುಂದೆ ಕೂರುತ್ತಾಳೆ. ಅವಳ ಭಾಷೆ ಬಾರದ ಯಾರೋ ಬಾಡಿಗೆದಾರರ ಮನೆಯಲ್ಲಿ.

ಫೋನು ಮಾಡಿದೆ. ನಾದಿನಿ ಮೊದಲ ರಿಂಗಿಗೇ ಎತ್ತಿದಳು.

"ಹುಡುಗನ ಮನೆಯಲ್ಲಿ ಎಷ್ಟು ಜನ?"

"ತುಂಬು ಮನೆ ಅತ್ತಿಗೆ. ಅಣ್ಣ ತಮ್ಮಂದಿರು, ಅವರ ಮಕ್ಕಳು. ಮೊಮ್ಮಕ್ಕಳೂ ಎಲೆ ಬಡಿಸಲು ಕಲಿತಿದ್ದಾರೆ."

"ಅವನ ಸ್ವಭಾವ?"

"ಏಳು ವರ್ಷದಲ್ಲಿ ಎಂಥ ಸ್ವಭಾವ ಮಾರಾಯ್ರೆ! ಪಾಪದವನಂತೆ."

"ಆಯಿತು. ಕೊಡುತ್ತೇನೆ ಅನ್ನು."

ಆ ಕಡೆ ಮೂಗು ಎಳೆದುಕೊಂಡ ಸದ್ದು. ಮರುಕ್ಷಣ ಅವಳು ಮದುವೆ ಮನೆಯ ಹೆಂಗಸಾಗಿಬಿಟ್ಟಳು. "ಟೈಲರ್ ಆಟಿಗೆ ಸಿಗುವುದಿಲ್ಲ, ಈಗಲೇ ಹೇಳಿಡಬೇಕು. ಹುಡುಗನ ತಾಯಿ ಬ್ಲೌಸ್ ಪೀಸ್ ಆಗಲಿಕ್ಕಿಲ್ಲ, ಹೊಲಿದ ರವಿಕೆಯೇ ಬೇಕು ಅಂದಿದ್ದಾರೆ. ಅಳತೆ ಎಷ್ಟು ಹೇಳಲಿ?"

ನಾಲ್ಕು ವರ್ಷದವಳ ಅಳತೆ ಮಾತ್ರ ನನಗೆ ಗೊತ್ತು. ಕೈ ತಾನಾಗಿ ನನ್ನ ಸೊಂಟದ ಎತ್ತರಕ್ಕೆ ಹೋಗಿ ನಿಂತಿತು. ಮಾತು ಅರ್ಥವಾಗದಿದ್ದರೂ ಕಲಾವಿದೆ ಕುತ್ತಿಗೆಯ ಟೇಪು ತೆಗೆದು ನನ್ನ ಕೈಗಿಟ್ಟು, ಆಗ ನಾನು ನಿಂತುಬಿಟ್ಟಿದ್ದ ನಲವತ್ತನಾಲ್ಕರ ಕಡೆ ಕಣ್ಣು ತೋರಿಸಿದಳು. ಮಗಳು ಫೋನು ಸ್ಪೀಕರಿಗೆ ಹಾಕಿ ಹಿಡಿದುಕೊಂಡಳು.

ಫ್ರಾಕಿನ ಎದೆಯ ಸುತ್ತ ಟೇಪು ಹಿಡಿದೆ. ಮಲ್‌ಮಲ್ಲು, ಒಳಗೆ ಬರೀ ಗಾಳಿ. ಎಳೆದರೆ ಮುದುಡಿ ಮುಷ್ಟಿಯೊಳಗೆ ಬರಬೇಕಿತ್ತು. ಬರಲಿಲ್ಲ. ಟೇಪು ಒಂದು ಕಡೆ ನಿಂತಿತು.

"ಮೂವತ್ತನಾಲ್ಕು," ಎಂದೆ.

"ತೋಳಿನ ಉದ್ದ?" ಎಂದಳು ನಾದಿನಿ.

ಟೇಪಿನ ತುದಿಯನ್ನು ಭುಜದ ಹೊಲಿಗೆಗೆ ಹಿಡಿದೆ. ಅಳತೆ ಕೊಡುವ ಹುಡುಗಿಯರೆಲ್ಲ ಎತ್ತುವಂತೆ, ಆ ಫ್ರಾಕು ತೋಳನ್ನು ತುಸು ಮೇಲೆತ್ತಿತು.

"ಒಂಬತ್ತು," ಎಂದೆ.