ಹದಿನೈದಕ್ಕೆ ಏಳು

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಟೇಲರ್ ಅಕ್ಕ ಮಾತಾಡುತ್ತಿದ್ದರು, ಒಂದೂ ಬೀಳುತ್ತಿರಲಿಲ್ಲ. ಟಿಕೋಟಾದಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಕಲಿತೆ. ಗಂಡನನ್ನು ಬಿಟ್ಟು ಬಂದವಳೆಂದು ಜನ ನನ್ನ ಬಗ್ಗೆ ಪಿಸುಗುಟ್ಟಿದರೆ, "ಇಕಿ ಕೆಲಸಾ ನೋಡ್ರಿ, ಸಂಸಾರದ ಮಾತ ನಿಮಗ್ಯಾಕ?" ಎನ್ನುತ್ತಿದ್ದರು. ಹೊಲಿಗೆ ಸೊಟ್ಟಗಾದರೆ ಬೈಯುತ್ತಿರಲಿಲ್ಲ. ಬ್ಲೇಡು ಕೈಗಿಟ್ಟು, "ಬಿಚ್ಚು" ಎನ್ನುತ್ತಿದ್ದರು, ಅಷ್ಟೇ.

ಹೋದ ವರ್ಷ ಲೈನಿಂಗ್ ಬಟ್ಟೆ ತರಲು ನನ್ನ ಸ್ಕೂಟರಿನಲ್ಲಿ ವಿಜಯಪುರಕ್ಕೆ ಹೊರಟೆವು. ಹೆಲ್ಮೆಟ್ ಒಂದೇ ಇತ್ತು. ಕೊಡಹೋದರೆ, "ನಡಸಾಕಿ ನೀನು, ನೀನ ಹಾಕ್ಕೋ" ಎಂದರು. ಇಟ್ಟಂಗಿಹಾಳದ ಹತ್ತಿರ ನಾಯಿ ಅಡ್ಡ ಬಂದು ಬಿದ್ದೆವು. ಅಕ್ಕ ಒಂದು ನಿಮಿಷ ಕಣ್ಣು ಮುಚ್ಚಿ ಮಲಗಿದ್ದರು. ಆಮೇಲೆ ತಾವೇ ಎದ್ದು ಸೀರೆ ಕೊಡವಿ, "ನಿನ್ನ ಮೊಣಕಾಲಾಗ ರಕ್ತ ಬರಾಕತ್ತೈತಿ" ಎಂದು ಕರವಸ್ತ್ರ ಕಟ್ಟಿದರು. ಅವರ ಕಿವಿಯ ಮೇಲೆ ಸಣ್ಣ ಬಾವು, ಬೇರೇನೂ ಇರಲಿಲ್ಲ.

ಬಟ್ಟೆ ಅಂಗಡಿಯಲ್ಲಿ, "ತಲಿ ಸಿಡಿಯಾಕತ್ತೈತಿ ಬೇ" ಎಂದರು.

"ಬಿಸಿಲಿಗೆ ಹಂಗಾಗತೈತ್ರಿ ಅಕ್ಕಾ. ಚಹಾ ಕುಡಿದ್ರ ಹೋಗತೈತಿ" ಎಂದೆ ನಾನು.

ಚಹಾ ಮುಗಿಯುವ ಮೊದಲೇ ವಾಂತಿ ಮಾಡಿದರು. ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು. ಆಟೋದಲ್ಲಿ ನನ್ನ ಭುಜಕ್ಕೆ ಒರಗಿದವರು ಮತ್ತೆ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಜೋರಾಗಿ ಕೂಗಿ ಕರೆದರು. ಅಕ್ಕ ಕಣ್ಣು ತೆರೆಯಲಿಲ್ಲ. ಉಗುರಿನ ಮೇಲೆ ಪೆನ್ನಿನಿಂದ ಒತ್ತಿದಾಗ ಕಣ್ಣು ಅರೆ ತೆರೆಯಿತು, ನರಳಿದರು, ಕೈ ಎದೆಯ ಕಡೆ ಮಡಚಿಕೊಂಡಿತು. ಎಚ್ಚರ ಎಷ್ಟಿದೆಯೆಂದು ಅಳೆಯಲು ಕಣ್ಣು, ಮಾತು, ಚಲನೆ ಮೂರಕ್ಕೂ ಅಂಕ ಕೂಡಿಸಿ, "ಹದಿನೈದಕ್ಕ ಏಳು" ಎಂದು ನರ್ಸಿಗೆ ಬರೆಸಿದರು. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಿ, ಸ್ಕ್ಯಾನಿಗೆ ಕಳಿಸಿದರು. ಅದರ ಚಿತ್ರ ಬಂದ ಮೇಲೆ ನನ್ನನ್ನು ಕರೆದರು.

"ಬಿದ್ದ ಮ್ಯಾಲ ಮಾತಾಡಿದ್ರೇನು?"

"ಚಲೋ ಮಾತಾಡಿದ್ರಿ. ಎರಡು ತಾಸು."

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು. "ತಲಿಪೆಟ್ಟು ಎಲ್ಲಾ ಒಂದ ನಮೂನಿ ಇರಂಗಿಲ್ಲಮ್ಮಾ. ಕೆಲವೊಮ್ಮೆ ಮಿದುಳು ಬರೇ ಅಲ್ಲಾಡಿರತೈತಿ, ಕೆಲವೊಮ್ಮೆ ಮಿದುಳ ಜಜ್ಜಿರತೈತಿ. ಇವರಿಗೆ ಎಲುಬು ಸೀಳಿ ಒಳಗಿನ ರಕ್ತನಾಳ ಹರದೈತಿ. ರಕ್ತ ತುಂಬೂತನಕ ಮನಿಷಾ ಆರಾಮ ಇದ್ದಂಗ ಕಾಣತಾನ."

ತಲೆಬುರುಡೆ ತೆರೆದು ರಕ್ತ ತೆಗೆದರು. ಅಷ್ಟರಲ್ಲಿ ಮಿದುಳು ಒತ್ತಡಕ್ಕೆ ಸೋತಿತ್ತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದರು.

ಅವರ ಯಜಮಾನರು ಬಬಲೇಶ್ವರದ ಶಾಲೆಯೊಂದರಲ್ಲಿ ಜವಾನರು. ಎಲ್ಲ ಮುಗಿದ ಮೇಲೆ ಅವರ ಮುಂದೆ ಕೂತು ಚಹಾದ ಮಾತನ್ನು ಮುಚ್ಚಿಡದೆ ಹೇಳಿದೆ.

"ನಾ ಇದ್ದಿದ್ರೂ ಅದನ್ನ ಅಂತಿದ್ನವಾ" ಎಂದರು.

ಬೈಯುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಆ ಮನುಷ್ಯ ಎದ್ದು, ಅಕ್ಕನ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, "ನೀನ ಒಯ್ಯಿ" ಎಂದರು.